ಭರಣಿಯ ಬಜೆಟ್ ಮಂಡನೆ

ಸಾಗರದ ಕಡೆಯ ಮನೆಯೊಂದರ ಪಿಂಗಾಣಿ ಭರಣಿ ಈಚೆಗೆ ಉದ್ಯಮಕ್ಕೆ ಇಳಿದಿದೆ. ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ ಮಾರುವುದೆಂದು ತೀರ್ಮಾನಿಸಿದ ಸುದ್ದಿ ತಿಳಿದು ಸಂದರ್ಶಕ ಅದರೆದುರು ಹಾಜರಾದ.

ತಯಾರಿ ಎಲ್ಲಿಗೆ ಬಂತು?

"ಲೋಗೊ ಆಯ್ತು, ವಿಸಿಟಿಂಗ್ ಕಾರ್ಡೂ ಆಯ್ತು. ಮಿಡಿ ಇನ್ನೂ ಮರದಲ್ಲೇ ಇದೆ."

ಮಿಡಿಯ ಮಾತು ಬಂದಾಗ ಭರಣಿ ಗಂಭೀರವಾಯಿತು. ಅಪ್ಪೆಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ. ರಿಪ್ಪನ್‌ಪೇಟೆಯಂಥ ಪೇಟೆಯಲ್ಲಿ ಅದನ್ನು ತೂಗುವುದಿಲ್ಲ, ಎಣಿಸಿ ಕೊಡುತ್ತಾರೆ. ಜೀರಿಗೆ ಪರಿಮಳದ್ದಾದರೆ ದರವೇ ಬೇರೆ. ಹಾಗಾಗಿ ವರ್ಷದ ಸರಕಿಗೆ ಒಂದೇ ಸಲ ನಗದು ಸುರಿಯಬೇಕು. ಆಮೇಲೆ ಮಿಡಿ ಉಪ್ಪಿನಲ್ಲಿ ಮುರುಟಬೇಕು, ಮಸಾಲೆ ಹಿಡಿಯಬೇಕು, ಬಾಟಲಿಗೆ ಇಳಿಯಬೇಕು. ಹಾಕಿದ ದುಡ್ಡು ಮಾತ್ರ ವರ್ಷವಿಡೀ ಚಿಲ್ಲರೆ ಚಿಲ್ಲರೆಯಾಗಿ ವಾಪಸು ಬರುತ್ತದೆ. "ಮಿಡಿಯ ಜೊತೆ ಯಜಮಾನರ ಉಳಿತಾಯವೂ ನನ್ನೊಳಗೇ ನೆನೆಯುತ್ತದೆ," ಎಂದಿತು.

ಬೆಲೆ ಕಟ್ಟಿದ್ದು ಹೇಗೆ?

"ಮಿಡಿ, ಉಪ್ಪು, ಸಾಸಿವೆ, ಮೆಣಸು ಕೂಡಿಸಿದರು. ಅರ್ಧ ಕಿಲೋಗೆ 140 ರೂಪಾಯಿ. 200ಕ್ಕೆ ಮಾರಿದರೆ 60 ಲಾಭ ಎಂದು ಯಜಮಾನರು ಮೀಸೆ ತಿರುವಿದರು. ಬಾಟಲಿ, ಲೇಬಲ್ಲಿಗೆ 25 ಹೋಯಿತು, ಸಾಗಣೆಗೆ 30. ಉಳಿದ ಐದು ರೂಪಾಯಿಗೆ ಮನೆಯ ಅಮ್ಮ ತೊಳೆದು, ಒರೆಸಿ, ಮಸಾಲೆ ಅರೆದು, ತುಂಬಬೇಕು. ಅವರ ಕೂಲಿ 'ಮನೆಯವಳೇ ತಾನೆ' ಎಂಬ ಖಾತೆಗೆ ಜಮೆ." ರುಚಿ ನೋಡಲು ಬರುವ ನೆಂಟರು ಖಾಲಿ ಮಾಡುವ ಬಾಟಲಿಗಳಿಗೆ ಖಾತೆಯೂ ಇಲ್ಲವಂತೆ.

ಸರ್ಕಾರದ ಸಹಾಯ?

ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರ 2020ರಲ್ಲಿ ತಂದ ಯೋಜನೆಯಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಆದರೆ ಅದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡೇ ಬರುತ್ತದೆ. ಸ್ವಂತ ಪಾಲೂ ಶೇ 10 ಬೇಕು. ಈ ಮನೆಯ ಯಜಮಾನರು ಅರ್ಜಿ ಹಾಕುವ ಮೊದಲೇ ಸಹಾಯಧನವನ್ನು ಆದಾಯದ ಕಾಲಂನಲ್ಲಿ ಬರೆದು, ಅದರಲ್ಲಿ ಸ್ಕೂಟರ್ ನೋಡಿಟ್ಟಿದ್ದಾರೆ.

ಸಂದರ್ಶಕ ಬಿಡಲಿಲ್ಲ. 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಲ್ಲೇ ಲಿಜ್ಜತ್ ಹಪ್ಪಳ ಶುರುಮಾಡಲಿಲ್ಲವೇ?

"ಮಾಡಿದರು. ಮೊದಲ ದಿನ ನಾಲ್ಕೇ ಪ್ಯಾಕೆಟ್. ಅಲ್ಲಿ ಹಪ್ಪಳ ಲಟ್ಟಿಸಿದವಳಿಗೆ ಕೂಲಿಯುಂಟು, ಲಾಭದಲ್ಲಿ ಪಾಲೂ ಉಂಟು. ಯಜಮಾನರು 80 ರೂಪಾಯಿಯ ಕತೆಯನ್ನಷ್ಟೇ ಓದಿಕೊಂಡಿದ್ದಾರೆ."

ಓದುಗರಿಗೆ ಏನು ಹೇಳುತ್ತೀರಿ?

"ಲೇಬಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ ಇರಲಿ. ಅಮ್ಮನ ಕೂಲಿ ಸೇರಿಸಿದರೆ ಬಾಟಲಿ 260 ದಾಟುತ್ತದೆ. ಅಷ್ಟು ಕೊಟ್ಟು ಕೊಳ್ಳುತ್ತೀರಾ ಎಂದು ನೆಂಟರಲ್ಲದ ಹತ್ತು ಮನೆಗಳಲ್ಲಿ ಕೇಳಿ. ಹೂಂ ಎಂದರೆ ಮಿಡಿ ತನ್ನಿ."