ಮಾಡೆಲ್ ಯಾವುದು ಮಾರಾಯ್ರೆ?

ಹಂಪನಕಟ್ಟೆ ಸಿಗ್ನಲ್ ದಾಟಿ ಒಳಗೆ ತಿರುಗಿದರೆ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿ.

"ಹಿಂದಿನ ಸ್ಪ್ರಾಕೆಟ್ ಒಂದು ಬೇಕಿತ್ತು."

"ಯಾವ ಗಾಡಿಗೆ?"

"ನಾನೇ ಮಾಡ್ತಾ ಇರುದು. ತೋಟದಿಂದ ಅಡಿಕೆಗೊನೆ ಹೊರಲಿಕ್ಕೆ."

"ಯಾವ ವರ್ಷದ ಮಾಡೆಲ್?"

"ಮಳೆ ಬಿಟ್ಟ ಮೇಲೆ ಆಗಬಹುದು."

ಕೀಬೋರ್ಡಿನ ಮೇಲಿದ್ದ ಬೆರಳು ಅಲ್ಲೇ ನಿಂತಿತು. "ಗಾಡಿಯ ಹೆಸರು ಹೊಡೆಯದೆ ಇದು ಬಿಲ್ ಕೊಡುದಿಲ್ಲ."

"ಹೆಸರು ಬಿಡಿ, ಲೆಕ್ಕ ಕೇಳಿ. ಮುಂದೆ 14 ಹಲ್ಲು ಉಂಟು, ಹಿಂದೆ 42 ಬೇಕು. ಮುಂದಿನದ್ದು ಮೂರು ಸುತ್ತು ಬಂದರೆ ಚಕ್ರ ಒಂದು ಸುತ್ತು. ಗುಡ್ಡ ಹತ್ತಬೇಕಲ್ಲ! ಚೈನು 428."

"ಹಲ್ಲಿನ ಲೆಕ್ಕ ಡಾಕ್ಟರ ಹತ್ರ ಹೇಳಿ ಮಾರಾಯ್ರೆ."

"ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕನ್ನೇ ಮಾಡಿದ್ರು. 2019ರಲ್ಲಿ ಊರೆಲ್ಲ ವೀಡಿಯೋ ನೋಡ್ಲಿಲ್ವಾ? ಅದಕ್ಕೆ ಯಾವ ಮಾಡೆಲ್?"

"ಅದು ಮರಕ್ಕೆ ಹತ್ತುದು. ಆರ್‌ಟಿಒ ಅಲ್ಲಿಗೆ ಬರುದಿಲ್ಲ. ನೀವು ಬಂದರಿನ ಗುಜರಿಯಲ್ಲಿ ನೋಡಿ."

"ಅಲ್ಲಿಂದ ಬೈಕಂಪಾಡಿಯ ಲೇತಿಗೆ ಕಳಿಸಿದ್ರು. ಲೇತಿನವರು ಸ್ಯಾಂಪಲ್ ತನ್ನಿ ಅಂದ್ರು."

"ತೆಕೊಂಡು ಹೋಗಿ."

"ಅದಕ್ಕೇ ಇಲ್ಲಿಗೆ ಬಂದದ್ದು!"

ಅಂಗಡಿಯವನ ತಲೆಯ ಹಿಂದೆ ಗೋಡೆಯ ಮೊಳೆಯಲ್ಲಿ ಸ್ಪ್ರಾಕೆಟ್ ಒಂದು ನೇತಾಡುತ್ತಿತ್ತು. ನಿಂತಲ್ಲಿಂದಲೇ ಹಲ್ಲು ಎಣಿಸಿದೆ. ಮೂವತ್ತೊಂದಕ್ಕೆ ಬರುವಾಗ ಸಿಟಿಬಸ್ಸಿನ ಹಾರ್ನಿಗೆ ಲೆಕ್ಕ ತಪ್ಪಿತು. ಪುನಃ ಒಂದರಿಂದ. ಸರಿಯಾಗಿ 42!

"ಅದೇ, ಅದೇ ಕೊಡಿ!"

ಅವನು ತಿರುಗಿ ಗೋಡೆ ನೋಡಲಿಲ್ಲ. ಕರುಣೆಯಿಂದ ಯಾವುದೋ ಹಳೇ ಬೈಕಿನ ಹೆಸರು ಹೊಡೆದು, ಪರದೆಯನ್ನು ನನ್ನ ಕಡೆಗೆ ತಿರುಗಿಸಿದ.

"ನೋಡಿ, ಸ್ಟಾಕ್ ಇಲ್ಲ."

ಫ್ಯಾನಿನ ಗಾಳಿಗೆ ಅದು ಮೊಳೆಯಲ್ಲಿ ಟಿಣ್ ಅಂತ ಅಲ್ಲಾಡಿತು.