ಕರೆಯದ ಅಳಿಯ

ಅಳಿಯ ಶಿವನನ್ನು ಕರೆಯದೆ ಯಜ್ಞಕ್ಕೆ ಕೂತ ದಕ್ಷಬ್ರಹ್ಮನ ತಪ್ಪೇನು ಎಂದು ಪಂಡಿತರನ್ನು ಕೇಳಿದರೆ ‘ಅಹಂಕಾರ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದೇ ಪ್ರಶ್ನೆಯನ್ನು ಯಡೂರಿನಲ್ಲಿ, ವೀರಭದ್ರ ದೇವರ ದರ್ಶನ ಮುಗಿಸಿ ಕೃಷ್ಣೆಯ ದಂಡೆಗೆ ಬಂದು ಕೂತವರನ್ನು ಕೇಳಿ ನೋಡಿ. ಮಧ್ಯಾಹ್ನದ ಊಟ ತಪ್ಪುತ್ತದೆ, ಉತ್ತರ ಮಾತ್ರ ಮುಗಿಯುವುದಿಲ್ಲ.

ಬುತ್ತಿ ಬಿಚ್ಚಿ ಕೂತ ಆಯಿಯ ಪ್ರಕಾರ ಅದು ಪೂರ್ತಿ ತವರುಮನೆಯ ವಿಷಯ. “ಕರೀಲಾರದ ತವರಿಗಿ ಹೋಗಬಾರದವಾ, ಹ್ವಾದ್ರ ಹಿಂಗs ಆಗೂದು. ಅಪ್ಪ ಮಾತಾಡ್ಸಲಿಲ್ಲ, ಅಕ್ಕತಂಗೇರು ಮಾರಿ ತಿರುವಿದ್ರು. ಆ ಹುಡುಗಿ ಎಷ್ಟಂತ ತಾಳಿಕೊಂಡೀತು?” ಈ ಕತೆಯಲ್ಲಿ ವೀರಭದ್ರನಿಗೆ ದೊಡ್ಡ ಪಾತ್ರವಿಲ್ಲ. ಆತ ಬಂದು ಕತ್ತಿ ಬೀಸುವ ಹೊತ್ತಿಗೆ ಆಯಿ ಕಣ್ಣೊರೆಸಿಕೊಂಡು ಚಟ್ನಿಯ ಗಂಟು ಬಿಚ್ಚುತ್ತಿರುತ್ತಾಳೆ. ಪಕ್ಕದಲ್ಲಿದ್ದ ಆಕೆಯ ಅಳಿಯನಿಗೆ ಕತೆ ಬೇರೆಯೇ. ಅವನಿಗದು ಮಾವ-ಅಳಿಯನ ಮಾನಾಪಮಾನದ ಪ್ರಶ್ನೆ. “ಸ್ಮಶಾನದಾಗ ಇರಾಂವ ಅಂತ ಮಗಳ್ನ ಕೊಡೂಮುಂದ ಗೊತ್ತಿರಲಿಲ್ಲೇನ್ರಿ?” ಎನ್ನುವಾಗ ಅವನ ದನಿ ಸ್ವಲ್ಪ ಏರುತ್ತದೆ. ಶಿವನ ಹೆಸರಿನಲ್ಲಿ ತನ್ನದೂ ಒಂದು ಹಳೆಯ ಬಾಕಿ ವಸೂಲು ಮಾಡುತ್ತಿದ್ದಾನೆಂದು ಆಯಿಗೆ ಗೊತ್ತು. ಆಕೆ ರೊಟ್ಟಿ ಮುರಿಯುತ್ತ ಸುಮ್ಮನಿರುತ್ತಾಳೆ. ಇನ್ನು ಖಾದಿ ಅಂಗಿ ತೊಟ್ಟ ಊರಿನ ಪುಢಾರಿ ಇದ್ದರಂತೂ ಅವರದು ಖಚಿತ ಅಭಿಪ್ರಾಯ: ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕಿರಲಿಲ್ಲ, ಶಿಷ್ಟಾಚಾರ ಉಲ್ಲಂಘನೆಯಾಗಿದೆ, ಆದ್ದರಿಂದ ಕಾರ್ಯಕ್ರಮ ಕೆಡಿಸಿದ್ದು ಸರಿ.

ಮೂವರೂ ಅದೇ ದೇವರಿಗೆ ಕಾಯಿ ಒಡೆಸಿ ಬಂದವರು. ಮೂವರಲ್ಲಿ ಯಾರೂ ಪುರಾಣಕ್ಕೆ ವಿರುದ್ಧ ಮಾತಾಡಿಲ್ಲ. ಪುರಾಣ ಒಂದೇ, ಹಿಡಿದುಕೊಂಡ ತುದಿ ಬೇರೆ.

ನಮ್ಮ ಕಡೆ ಮನೆದೇವರು ವೀರಭದ್ರ ಎಂದಾದರೆ ಮದುವೆಗೆ ಮೊದಲು ಗುಗ್ಗಳ ಆಗಲೇಬೇಕು. ಪುರವಂತರು ಬರುತ್ತಾರೆ, ಸಂಬಾಳ ಬಡಿಯುತ್ತದೆ, ಕೈಯಲ್ಲಿ ಕತ್ತಿ ಹಿಡಿದು ಒಡಪು ಹೇಳಲು ಶುರುಮಾಡುತ್ತಾರೆ. ಭಗನ ಕಣ್ಣು ಹೋಯಿತು, ಪೂಷನ ಹಲ್ಲು ಉದುರಿತು, ಭೃಗುವಿನ ಗಡ್ಡ ಕಿತ್ತುಬಂತು. ಸಂಸ್ಕೃತ ಪುರಾಣಗಳಲ್ಲೂ ಈ ಪಟ್ಟಿ ಇದೆ. ಆದರೆ ಪುರವಂತರ ಬಾಯಲ್ಲಿ ಅದು ಊರ ಬಯಲಿನಲ್ಲಿ ನಡೆದ ಮಾರಾಮಾರಿ. ದೇವತೆಗಳು ಓಡಿದ ದಾರಿ, ಸಂದಿಗೊಂದಿ ಹೊಕ್ಕು ಅಡಗಿದ ಜಾಗ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಇಷ್ಟೆಲ್ಲ ಮದುವೆಮನೆಯಲ್ಲೇ ಏಕೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಹೆಣ್ಣಿನ ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಇನ್ನೊಂದಿಲ್ಲ. ಅಳಿಯನನ್ನು ಕರೆಯಲು ಮರೆತವನು ಕೊನೆಗೆ ಕುರಿಯ ತಲೆ ಹೊತ್ತು, ಕೈಮುಗಿದುಕೊಂಡು ವೀರಭದ್ರನ ಕಾಲ ಬದಿಯಲ್ಲಿ ನಿಲ್ಲಬೇಕಾಯಿತು. ಶಿಲ್ಪಿಗಳು ಅವನನ್ನು ಹಾಗೆಯೇ ಕೆತ್ತಿಕೊಂಡು ಬಂದಿದ್ದಾರೆ. ಆದರೂ ನೋಡಿ, ಅವನನ್ನು ಗುಡಿಯಿಂದ ಹೊರಗೆ ಹಾಕಲಿಲ್ಲ. ದೇವರ ಜೊತೆ ಅವನಿಗೂ ಒಂದಿಷ್ಟು ಕುಂಕುಮ ಬೀಳುತ್ತದೆ. ಖಳನಿಗೆ ಪಾಲು ಕೊಡುವ ಈ ಔದಾರ್ಯ ಭಕ್ತರದು.

ಕವಿಗಳೂ ಭಕ್ತರಿಗಿಂತ ಬೇರೆಯೇನಲ್ಲ. ಹದಿಮೂರನೆಯ ಶತಮಾನದ ರಾಘವಾಂಕ ಇದೇ ದಕ್ಷಯಜ್ಞವನ್ನು ಹಿಡಿದು ‘ವೀರೇಶ ಚರಿತೆ’ ಬರೆದ. ಅದೂ ಉದ್ದಂಡ ಷಟ್ಪದಿಯಲ್ಲಿ, ಏಕೆಂದರೆ ಮೆತ್ತಗಿನ ಛಂದಸ್ಸು ಆ ಸಿಟ್ಟನ್ನು ಹೊರಲಾರದು. ಹರಿಶ್ಚಂದ್ರನೆಂಬ ಮನುಷ್ಯನ ಮೇಲೆ ಕಾವ್ಯ ಬರೆದದ್ದಕ್ಕೆ ಗುರುವೂ ಸೋದರಮಾವನೂ ಆದ ಹರಿಹರ ಸಿಟ್ಟಾಗಿ ಹೊಡೆದ, ರಾಘವಾಂಕನ ಹಲ್ಲು ಉದುರಿದವು, ಶಿವಭಕ್ತರ ಕತೆ ಬರೆದ ಮೇಲೆ ಮತ್ತೆ ಬಂದವು ಎಂಬ ಐತಿಹ್ಯವಿದೆ. ಇಂಥವನನ್ನು ಬರೆಯಬೇಕು, ಇಂಥವನನ್ನು ಬರೆಯಬಾರದು ಎಂದು ಅಭಿಮಾನಿಗಳು ಕೈ ಎತ್ತುವುದು ಇತ್ತೀಚಿನ ರೋಗವೆಂದು ತಿಳಿದವರಿಗಾಗಿ ಈ ಮಾತು ಹೇಳಿದೆ.

ಕತೆಯನ್ನು ತಮಗೆ ಬೇಕಾದಂತೆ ತಿರುಗಿಸುವುದರಲ್ಲಿ ಕವಿಗಳೇನು ಕಡಿಮೆಯೇ? ಪಂಪ ಕ್ರಿ.ಶ. 941ರಲ್ಲಿ ಮಹಾಭಾರತ ಹೇಳಲು ಕೂತ. ಎದುರಿಗೆ ಕೂತ ದೊರೆ ಅರಿಕೇಸರಿಯನ್ನೇ ಅರ್ಜುನ ಮಾಡಿದ. ತನ್ನ ದೊರೆಯ ಹೆಂಡತಿ ಐವರಿಗೆ ಹಂಚಿಹೋಗುವುದು ಸರಿಕಾಣಲಿಲ್ಲ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟ. ಕೊನೆಗೆ ಪಟ್ಟವನ್ನೂ ಧರ್ಮರಾಜನಿಗೆ ಬಿಡದೆ ಅರ್ಜುನನಿಗೇ ಕಟ್ಟಿದ. ಇಷ್ಟೆಲ್ಲ ಮಾಡಿಯೂ ಅವನ ಮನಸ್ಸು ಕರ್ಣನ ಕಡೆ ಜಾರಿತು. ನಮ್ಮ ಮುಧೋಳದ ಬಳೆಗಾರರ ಮನೆಯ ರನ್ನನದಂತೂ ಇನ್ನೂ ಮಜಾ. ‘ಗದಾಯುದ್ಧ’ದಲ್ಲಿ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಹೊಗಳಬೇಕಾಗಿತ್ತು. ಹೊಗಳಿದ್ದಾನೆ, ಅದರಲ್ಲಿ ಮೋಸವಿಲ್ಲ. ಆದರೆ ಓದಿ ಮುಗಿಸಿದವನ ಎದೆಯಲ್ಲಿ ಉಳಿಯುವುದು ಸತ್ತ ಬಂಧುಗಳ ನಡುವೆ ಒಂಟಿಯಾಗಿ ನಡೆಯುವ ದುರ್ಯೋಧನ. ಸಂಬಳ ಭೀಮನ ಕಡೆಯಿಂದ, ಕಣ್ಣೀರು ದುರ್ಯೋಧನನ ಕಡೆಗೆ. ದೊರೆಗೆ ಇದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಕೇಳುತ್ತ ಕೂತನೋ!

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಬಸ್ಸಿನಲ್ಲಿ ರಾಮಾಯಣದ ಮಾತು ತೆಗೆಯುವವರು ಸ್ವಲ್ಪ ಎಚ್ಚರದಿಂದಿರಬೇಕು. ಇದು ಜೈನರು ತಲೆಮಾರುಗಳಿಂದ ಒಕ್ಕಲುತನ ಮಾಡಿಕೊಂಡಿರುವ ಸೀಮೆ. ವಿದ್ಯಾನಂದ ಮುನಿಗಳು ಶೇಡಬಾಳದವರು, ವಿದ್ಯಾಸಾಗರ ಮುನಿಗಳು ಸದಲಗಾದವರು. ರಾವಣನನ್ನು ಕೊಂದವರು ಯಾರು ಎಂದು ಕೇಳಿದರೆ ಒಂದು ಸೀಟಿನವರು ರಾಮ ಎನ್ನುತ್ತಾರೆ, ಹಿಂದಿನ ಸೀಟಿನವರು ಲಕ್ಷ್ಮಣ ಎನ್ನಬಹುದು. ಜೈನ ರಾಮಾಯಣದಲ್ಲಿ ರಾಮ ಬಲಭದ್ರ, ಅವನ ಕೈಗೆ ರಕ್ತ ಹತ್ತಬಾರದು. ಆ ಕೆಲಸ ವಾಸುದೇವನಾದ ಲಕ್ಷ್ಮಣನದು. ರಾವಣನಿಗೆ ಹತ್ತು ತಲೆಯೂ ಇಲ್ಲ, ಆತ ರಾಕ್ಷಸನೂ ಅಲ್ಲ. ಪರಸ್ತ್ರೀಯ ಮೇಲೆ ಮನಸ್ಸಿಟ್ಟು ಕೆಟ್ಟ ವಿದ್ಯಾಧರ ದೊರೆ, ಅಷ್ಟೇ. ನಾಗಚಂದ್ರನ ಕಾವ್ಯದಲ್ಲಿ ಅವನು ಪಶ್ಚಾತ್ತಾಪವನ್ನೂ ಪಡುತ್ತಾನೆ. ಎರಡು ರಾಮಾಯಣದವರೂ ಅದೇ ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದು, ಅದೇ ಅಂಗಡಿಯಲ್ಲಿ ಚಹಾ ಕುಡಿದು, ಅದೇ ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು ಯಾವಾಗ ಬಂದೀತೆಂದು ಒಕ್ಕೊರಲಿನಿಂದ ಬೈಯುತ್ತಾರೆ. ರಾವಣನಿಗಾಗಿ ಇಲ್ಲಿ ಯಾರೂ ಯಾರೊಡನೆಯೂ ಮಾತು ಬಿಟ್ಟಿಲ್ಲ.

ಮಾತು ಬಿಡದೆಯೂ ಜಗಳಾಡುವ ವಿದ್ಯೆಯನ್ನು ಈ ಸೀಮೆ ಹಾಡಿನಲ್ಲಿ ಕಲಿತಿದೆ. ಗೀಗೀ ಪದದ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರಿಗೆ ಗಂಡು ಹೆಚ್ಚು, ಶಿವ ಹೆಚ್ಚು. ನಾಗೇಶಿಯವರಿಗೆ ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು. ಜಾತ್ರೆಯ ರಾತ್ರಿ ಎದುರೆದುರು ನಿಂತರೆಂದರೆ ಡಪ್ಪು, ತುಂತುಣಿಯ ಜೊತೆ ಸವಾಲ್-ಜವಾಬು ಬೆಳಗಿನ ತನಕ. ಒಬ್ಬರು ಹರಿಶ್ಚಂದ್ರನ ಸತ್ಯ ಎತ್ತಿದರೆ ಇನ್ನೊಬ್ಬರು ಮಾರಾಟವಾದವಳು ಚಂದ್ರಮತಿಯಲ್ಲವೇ ಎನ್ನುತ್ತಾರೆ. ಪರಶುರಾಮನ ಪಿತೃಭಕ್ತಿ ಬಂದರೆ ರೇಣುಕೆಯ ತಲೆಯ ಲೆಕ್ಕ ಕೇಳುತ್ತಾರೆ. ಇಷ್ಟೆಲ್ಲ ಹಾಡಿಕೆಯಾದ ಮೇಲೂ ತೀರ್ಪು ಹೇಳುವವರಿಲ್ಲ. ಹೇಳಿದರೆ ಮುಂದಿನ ವರ್ಷದ ಜಾತ್ರೆಗೆ ಕೆಲಸವೇನು ಉಳಿಯಿತು?

ಈ ಪಂಗಡಗಳ ಗುಟ್ಟೊಂದಿದೆ. ನಾಗೇಶಿ ಹಾಡುವವಳಿಗೆ ಹರದೇಶಿಯ ಪುರಾಣವೆಲ್ಲ ಬಾಯಿಪಾಠ ಬರಬೇಕು, ಹರದೇಶಿಯವನಿಗೆ ಅವಳದು. ಇಲ್ಲದಿದ್ದರೆ ಎರಡನೆಯ ಸವಾಲಿಗೇ ಡಪ್ಪು ಕೆಳಗಿಡಬೇಕಾಗುತ್ತದೆ. ಎದುರಾಳಿಯ ಕತೆ ಪೂರ್ತಿ ಗೊತ್ತಿದ್ದರೆ ಮಾತ್ರ ಅದನ್ನು ತಿರುಗಿಸಲು ಬರುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಕೃಷ್ಣನ ವಿಷಯ. ಬಯಲುಸೀಮೆಯ ಬಿಸಿಲಿಗೆ ದ್ವಾರಕೆಯ ಅರಮನೆ ತಾಳಲಿಲ್ಲವೆಂದು ಕಾಣುತ್ತದೆ, ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಅದು ನಮ್ಮೂರ ಪಡಸಾಲೆಯಾಗಿದೆ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಇದನ್ನು ಕಟ್ಟಿ ಬೆಳೆಸಿದರು. ಕೌಜಲಗಿ ನಿಂಗಮ್ಮ ಕುಣಿದು ಹೆಸರು ಮಾಡಿದಳು. ಒಂದು ಹೂವು ರುಕ್ಮಿಣಿಗೆ ಕೊಟ್ಟ ತಪ್ಪಿಗೆ ಜಗದೊಡೆಯ ಸತ್ಯಭಾಮೆಯ ಬಾಗಿಲಲ್ಲಿ ನಿಂತು ಬೈಸಿಕೊಳ್ಳುವುದನ್ನು ನೋಡಲು ಜನ ಕಂಬಳಿ ಹೊದ್ದು ರಾತ್ರಿಯಿಡೀ ಕೂರುತ್ತಿದ್ದರು. ಭಾಮೆಯ ಬಾಯಲ್ಲಿ ಬರುವುದು ನಮ್ಮದೇ ಗಂಡುಗನ್ನಡ. ಗೀತೆ ಹೇಳಿದವನಿಗೆ ಇಲ್ಲಿ ಮಾತು ಹೊರಡುವುದಿಲ್ಲ. ಹೆಂಗಸರು ನಗುತ್ತಾರೆ, ಗಂಡಸರೂ ನಗುತ್ತಾರೆ, ತುಸು ತಡವಾಗಿ.

ಪ್ರೀತಿ ಹೆಚ್ಚಾದಲ್ಲಿ ದೇವರ ಸಂಸಾರದ ಸುಖದುಃಖವೂ ನಮ್ಮದೇ. ಸವದತ್ತಿಯ ಎಲ್ಲಮ್ಮನಿಗೆ ಹೊಸ್ತಿಲ ಹುಣ್ಣಿಮೆಗೆ ವೈಧವ್ಯ ಬರುತ್ತದೆ, ಬಳೆ ಒಡೆಯುತ್ತಾರೆ. ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ಜಮದಗ್ನಿ ಸತ್ತದ್ದೂ ಬದುಕಿದ್ದೂ ಪ್ರತಿವರ್ಷ ಹೊಸದು. ಇಂಗ್ಲೆಂಡಿನ ಕೋನನ್ ಡಾಯ್ಲ್ 1893ರಲ್ಲಿ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ತಳ್ಳಿ ಕೊಂದ. ಓದುಗರು ಸಿಟ್ಟಾಗಿ ಪತ್ರಿಕೆಯ ಚಂದಾ ನಿಲ್ಲಿಸಿದರು, ಬೈದು ಬರೆದರು. ಹತ್ತು ವರ್ಷದ ಮೇಲೆ, 1903ರಲ್ಲಿ, ಅವನು ಬಿದ್ದೇ ಇರಲಿಲ್ಲವೆಂದು ಡಾಯ್ಲ್ ಬರೆಯಬೇಕಾಯಿತು. ಪಾಪ, ಪುನರ್ಜನ್ಮದ ಅನುಕೂಲವಿಲ್ಲದ ಊರು. ನಮ್ಮ ದಾಕ್ಷಾಯಿಣಿ ಬೆಂಕಿಯಲ್ಲಿ ಹೋದರೂ ಪಾರ್ವತಿಯಾಗಿ ಬಂದಳು, ಯಾರೂ ಚಂದಾ ನಿಲ್ಲಿಸಬೇಕಾಗಲಿಲ್ಲ.

ಬೆಂಕಿಯ ಮಾತು ಬಂತು. ರಾಮಾಯಣ ಓದುವಲ್ಲೆಲ್ಲ ಯಾರಾದರೊಬ್ಬ ಆಯಿ ಕೇಳಿಯೇ ಕೇಳುತ್ತಾಳೆ: “ಅಷ್ಟು ದಿನ ಆಂವನೂ ಹೊರಗs ಇದ್ನಲ್ಲ, ಆಂವ ಯಾಕ ಬೆಂಕಿಗಿ ಬೀಳಲಿಲ್ಲ?” ಓದುವವರು ಕೆಮ್ಮಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಕುವೆಂಪು ಕೆಮ್ಮಲಿಲ್ಲ. 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಹೋಗುತ್ತಾನೆ. ಆಯಿ ಆ ಪುಸ್ತಕ ಓದಿಲ್ಲ, ಕುವೆಂಪು ಆಯಿಯನ್ನು ಕಂಡಿಲ್ಲ. ಇಬ್ಬರೂ ರಾಮನ ಮೇಲಿನ ಪ್ರೀತಿಯಿಂದಲೇ ಅವನನ್ನು ತಿದ್ದಲು ಹೊರಟವರು.

ಇತಿಹಾಸದ ಜನರೂ ಈ ಪ್ರೀತಿಯಿಂದ ತಪ್ಪಿಸಿಕೊಂಡಿಲ್ಲ. ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವರ ಕಾಗದಪತ್ರದಲ್ಲಿ ಆತ ದಂಗೆಕೋರ. ಲಾವಣಿಕಾರರ ಬಾಯಲ್ಲಿ ಶೂರ. ನಂದಗಡದ ಆಲದ ಮರಕ್ಕೆ ತೊಟ್ಟಿಲು ಕಟ್ಟುವ ಹೆಣ್ಣುಮಕ್ಕಳಿಗೆ ಮಕ್ಕಳ ಫಲ ಕೊಡುವ ದೈವ. ಅವನ ಹುಟ್ಟುಹಬ್ಬ ಆಚರಿಸುವುದು ಆಗಸ್ಟ್ 15ರಂದು. ಇದು ಕಾಕತಾಳೀಯ ಎಂದು ಹೇಳುವ ಧೈರ್ಯವಿದ್ದವರು ನಮ್ಮ ಜಿಲ್ಲೆಯಲ್ಲಿ ಹೇಳಿ ನೋಡಬಹುದು. ಕಿತ್ತೂರು ಚೆನ್ನಮ್ಮ ಎಂದರೆ ಒಂದು ತಲೆಮಾರಿನವರಿಗೆ 1961ರ ಸಿನಿಮಾದ ಬಿ. ಸರೋಜಾದೇವಿಯ ಮುಖವೇ ಕಣ್ಣಮುಂದೆ. 1983ರಲ್ಲಿ ರಾಜಕುಮಾರ್ ಹಿರಣ್ಯಕಶಿಪು ಆಗಿ ಗರ್ಜಿಸಿದ ಮೇಲಂತೂ ಕಂಬ ಒಡೆದು ನರಸಿಂಹ ಬಂದದ್ದೇ ತಪ್ಪೆನ್ನುವಷ್ಟು ಜನ ರಾಕ್ಷಸನ ಕಡೆಗಿದ್ದರು.

ಬೆಳವಡಿ ಮಲ್ಲಮ್ಮ ಮತ್ತು ಶಿವಾಜಿಯ ಪ್ರಸಂಗವಂತೂ ಗಡಿಯ ಜನರ ಜಾಣತನಕ್ಕೆ ಸಾಕ್ಷಿ. ಕನ್ನಡದವರು ಹೇಳುವಾಗ ಮಲ್ಲಮ್ಮ ಹೆಣ್ಣುಪಡೆ ಕಟ್ಟಿ ಮರಾಠಾ ಸೈನ್ಯವನ್ನು ನಡುಗಿಸಿದಳು. ಮರಾಠಿ ಮನೆಯಲ್ಲಿ ಹೇಳುವಾಗ ಮಹಾರಾಜರು ಆಕೆಯನ್ನು ತಂಗಿಯೆಂದು ಗೌರವಿಸಿ ಸೀಮೆ ಬಿಟ್ಟುಕೊಟ್ಟರು. ಧಾರವಾಡದ ಹತ್ತಿರ ಯಾದವಾಡದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಶಿವಾಜಿಯ ಶಿಲ್ಪವಿದೆ, ಮಲ್ಲಮ್ಮನೇ ಕೆತ್ತಿಸಿದ್ದು ಎನ್ನುತ್ತಾರೆ. ಎರಡೂ ಕಡೆಯವರು ತಮಗೆ ಬೇಕಾದಷ್ಟು ತೆಗೆದುಕೊಂಡರೂ ಕತೆಯಲ್ಲಿ ಇನ್ನೂ ಉಳಿಯುತ್ತದೆ. ಯಡೂರಿನ ಗುಡಿಗೂ ಹಾಗೆಯೇ. ಕನ್ನಡದಲ್ಲಿ ಬೇಡಿಕೊಳ್ಳುವವರೂ ಬರುತ್ತಾರೆ, ಮಹಾರಾಷ್ಟ್ರದಿಂದ ಬಂದು ಮರಾಠಿಯಲ್ಲಿ ಬೇಡಿಕೊಳ್ಳುವವರೂ ಬರುತ್ತಾರೆ. ಮಳೆಗಾಲದಲ್ಲಿ ಕಲ್ಲೋಳ-ಯಡೂರು ಸೇತುವೆ ಮುಳುಗಿದಾಗ ಇಬ್ಬರಿಗೂ ದಾರಿ ಇಲ್ಲ.

ಹಾಗಿದ್ದರೆ ಜಗಳ ಎಲ್ಲಿಂದ ಬರುತ್ತದೆ? ಈಚೆಗೆ ಪುತ್ಥಳಿಗಳ ಸುತ್ತ, ಸಿನಿಮಾಗಳ ಸುತ್ತ, ಒಂದು ಸಾಲಿನ ಸುತ್ತ ಎದ್ದ ಗದ್ದಲಗಳನ್ನು ನೋಡುತ್ತ ನನಗೆ ಹರದೇಶಿ-ನಾಗೇಶಿಯ ಆ ನಿಯಮವೇ ಮತ್ತೆ ಮತ್ತೆ ಸರಿಯೆನಿಸಿದೆ. ಕೂಗುವವರಲ್ಲಿ ಹೆಚ್ಚಿನವರು ಕತೆಯನ್ನು ಪೂರ್ತಿ ಕೇಳಿದವರಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು ನೋಡಿ ಎದ್ದವರು. ದಕ್ಷನಿಗೆ ಕೊನೆಯಲ್ಲಿ ಕ್ಷಮೆ ಸಿಕ್ಕಿತೆಂಬ ಭಾಗಕ್ಕೆ ಬರುವಷ್ಟು ಹೊತ್ತು ಅವರು ಕೂರುವುದೇ ಇಲ್ಲ. ಪಂಪನಿಗೆ ವ್ಯಾಸಭಾರತ ಪೂರ್ತಿ ಗೊತ್ತಿತ್ತು, ಆದ್ದರಿಂದ ತಿದ್ದಿದ. ಆಯಿಗೆ ರಾಮಾಯಣ ಕಂಠಸ್ಥ, ಆದ್ದರಿಂದ ರಾಮನನ್ನು ಕೇಳುತ್ತಾಳೆ. ಪಾರಿಜಾತದ ಭಾಗವತನಿಗೆ ಕೃಷ್ಣನ ಮಹಿಮೆಯೆಲ್ಲ ಗೊತ್ತು, ಆದ್ದರಿಂದಲೇ ಅವನನ್ನು ಬೈಸುತ್ತಾನೆ.

ಕತೆಯನ್ನು ಬೇಕಾದಂತೆ ತಿರುಗಿಸುವ ಹಕ್ಕು ಎಲ್ಲರಿಗೂ ಇದೆ, ಆದರೆ ಬೆಳಗಿನ ತನಕ ಕೂತು ಕೇಳಿದವರಿಗೆ ಮಾತ್ರ. ಆದ್ದರಿಂದ ಓದುಗ ಮಹಾಶಯರೇ, ನಿಮ್ಮ ರಾಮ, ನಿಮ್ಮ ರಾಯಣ್ಣ, ನಿಮ್ಮ ಶಿವಾಜಿಯನ್ನು ಧಾರಾಳವಾಗಿ ನಿಮ್ಮವರನ್ನಾಗಿ ಮಾಡಿಕೊಳ್ಳಿ. ಎದುರು ಮೇಳದವರು ಹಾಡುವಾಗ ಮಾತ್ರ ನಡುವೆ ಎದ್ದು ಹೋಗಬೇಡಿ. ಮತ್ತು ಮನೆಯಲ್ಲಿ ಏನೇ ಕಾರ್ಯವಿರಲಿ, ಅಳಿಯನಿಗೆ ತಪ್ಪದೆ ಹೇಳಿಕಳಿಸಿ.