ಲೋಡ್ ಬಂದ್ರೆ ಟ್ರಿಪ್

ಡೆಟ್ರಾಯಿಟ್ ಸುತ್ತಮುತ್ತಲ ಕನ್ನಡದ ಮನೆಗಳಲ್ಲಿ ಸಾಫ್ಟ್‌ವೇರ್ ಗೊತ್ತಿಲ್ಲದವರನ್ನು ದುರ್ಬೀನು ಹಾಕಿಯೇ ಹುಡುಕಬೇಕು. ಆದರೂ ಮಗನ ಕಂಪ್ಯೂಟರಿನಲ್ಲಿ ಆಟವೊಂದು ನಡುವೆ ಕೈಕೊಟ್ಟರೆ ಅದನ್ನು ಸರಿಮಾಡುವ ಗಂಡಸು ಇಡೀ ಟ್ರಾಯ್ ಊರಿನಲ್ಲಿ ಸಿಗುವುದಿಲ್ಲ. ಸಲಹೆ ಮಾತ್ರ ಧಾರಾಳ. ಸಂಕ್ರಾಂತಿ ಕೂಟದಲ್ಲಿ ವಿಷಯ ಎತ್ತಿದ್ದೇ ತಡ, ಎಳ್ಳುಬೆಲ್ಲ ಬಾಯಲ್ಲಿಟ್ಟುಕೊಂಡೇ ಒಬ್ಬರು ‘ಗ್ರಾಫಿಕ್ಸ್ ಡ್ರೈವರ್ ಬೇರುಸಮೇತ ಕಿತ್ತು ಹೊಸದು ಹಾಕಿ’ ಅಂದರು. ಪಕ್ಕದವರು ‘ಹೊಸದೇ ಹಾಳು, ಹಳೇದಕ್ಕೇ ಹೋಗಿ’ ಅಂದರು. ಟೆಸ್ಟಿಂಗ್‌ನಲ್ಲಿರುವ ಗೆಳತಿ, ‘ಏನೇನು ಮಾಡಿದ್ರೆ ಕ್ರ್ಯಾಶ್ ಆಗತ್ತೆ, ಬರೆದು ಕಳಿಸೇ’ ಅಂದಳು. ಬರೆಯುವುದೇನು? ಹೋಂವರ್ಕ್ ಮಾಡಿದರೆ ಆಗುವುದಿಲ್ಲ, ಆಟ ಆಡಿದರೆ ಆಗುತ್ತದೆ. ನನಗಂತೂ ಅದರಲ್ಲಿ ದೋಷವೇ ಕಾಣಲಿಲ್ಲ. ಕ್ರ್ಯಾಶ್ ಶುರುವಾದ ಮೇಲೆ ಹುಡುಗ ಕರೆಯದೆಯೇ ಊಟಕ್ಕೆ ಬರುತ್ತಿದ್ದ.

ನಮ್ಮವರಿಗೆ ಮಾತ್ರ ಮೈಮೇಲೆ ದೇವರು ಬಂದಂತಾಯಿತು. ಮ್ಯಾನೇಜರ್ ಆದಾಗಿನಿಂದ ಕೋಡ್ ಮುಟ್ಟದ ಕೈ, ಬಹಳ ದಿನ ಹಸಿದಿತ್ತು. ಮೊದಲು ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದರು. ಅಲ್ಲಿ ಕೆಂಪು ಗುರುತಿನ ಪಕ್ಕದಲ್ಲಿ ‘ಕರ್ನಲ್ ಪವರ್ 41’. ಏನದು ಎಂದರೆ, ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಎಂಬ ವರದಿ. ಅಷ್ಟು ನಮಗೂ ಕಂಡಿತ್ತಲ್ಲ! ಯಾಕೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ, ತಾಲ್ಲೂಕು ಕಚೇರಿಯ ಹಿಂಬರಹದ ಹಾಗೆ. ಆಮೇಲೆ ಇನ್ನೊಂದು ಜ್ಞಾನೋದಯ: ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಎಬ್ಬಿಸಿ ಕೂರಿಸುತ್ತದಂತೆ. ‘ನೀವು ಕರೆದರೆ ನಿಮ್ಮ ಮಗ 2 ಸೆಕೆಂಡಲ್ಲಿ ಉತ್ತರ ಕೊಡ್ತಾನಾ?’ ಅಂತ ಕೇಳಿದೆ. ಉತ್ತರ ಬರಲಿಲ್ಲ. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿತು. ಮೆಮೊರಿ ಪಾಸು.

ಊರಿಂದ ಬಂದಿದ್ದ ಮಾವನವರು ಇದನ್ನೆಲ್ಲ ಸೋಫಾದಿಂದಲೇ ನೋಡುತ್ತಿದ್ದರು. ಅವರು ದಾವಣಗೆರೆಯಲ್ಲಿ ಕೆಇಬಿಯಲ್ಲಿದ್ದವರು. ಆ ಸಂಸ್ಥೆ 1999ರಲ್ಲಿ ಕೆಪಿಟಿಸಿಎಲ್ ಆಯಿತು, ಆಮೇಲೆ ಬೆಸ್ಕಾಂ ಬಂತು. ಅವರ ಬಾಯಲ್ಲಿ ಇಂದಿಗೂ ಕೆಇಬಿಯೇ.

‘ಸುಮ್ನಿದ್ದಾಗ ಬರೋಬ್ಬರಿ ಐತಿ, ಲೋಡ್ ಬಂದ್ರ ಟ್ರಿಪ್ ಆಕ್ಕತಿ. ಸಾಫ್ಟ್‌ವೇರ್ ಅಲ್ಲೋ ಇದು, ಕಾದೈತಿ’ ಎಂದು ಎದ್ದು ಡಬ್ಬಿಯ ನೆತ್ತಿಯ ಮೇಲೆ ಅಂಗೈ ಇಟ್ಟರು.

‘ಅಪ್ಪಾಜಿ, ಇದು ಟ್ರಾನ್ಸ್‌ಫಾರ್ಮರ್ ಅಲ್ಲ’ ಎಂದರು ಇವರು. ಎಂದವರೇ ಗುಟ್ಟಾಗಿ ಟೆಂಪರೇಚರ್ ತೋರಿಸುವ ಸಾಫ್ಟ್‌ವೇರ್ ಹಾಕಿದರು. ಆಟದೊಳಗೆ ರಾಕ್ಷಸ ಬಂದ ಹೊತ್ತಿಗೆ 94.

‘ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ?’ ಕೇಳಿದರು ಮಾವ. ನ್ಯಾಯವಾದ ಪ್ರಶ್ನೆ. ಈ ದೇಶದಲ್ಲಿ ಹವೆಗೊಂದು ಅಳತೆ, ಚಿಪ್ಪಿಗೊಂದು ಅಳತೆ. 94 ಫ್ಯಾರನ್‌ಹೀಟ್ ಎಂದರೆ ದಾವಣಗೆರೆಯ ಏಪ್ರಿಲ್‌ನಲ್ಲಿ ಯಾರೂ ಕ್ಯಾರೇ ಅನ್ನುವುದಿಲ್ಲ. ಸೆಲ್ಸಿಯಸ್ ಆದರೆ ಎಸರು ಕುದಿಯಲು ಇನ್ನೇನು ಬಾಕಿ?

ಪಕ್ಕದ ತಗಡು ಬಿಚ್ಚಿದರೆ, ಹೀಟ್‌ಸಿಂಕಿನ ಎಲೆಎಲೆಗಳ ನಡುವೆ ಬೂದುಬಣ್ಣದ ಕಂಬಳಿ ನೇಯ್ದಂತಿತ್ತು. ಮಾವ ಕಡ್ಡಿಯಿಂದ ಒಂದು ಚೂರು ಎಬ್ಬಿಸಿ, ಬೆರಳಲ್ಲಿ ಉಜ್ಜಿ, ಮೂಸಿದರು. ಜಿಡ್ಡು. ಇಂಗಿನ ವಾಸನೆ.

ಎಲ್ಲರೂ ನನ್ನತ್ತ ತಿರುಗಿದರು. ಪರದೆ ನನ್ನ ಕಣ್ಣಳತೆಯಲ್ಲೇ ಇರಬೇಕೆಂದು ಕಂಪ್ಯೂಟರನ್ನು ಅಡುಗೆಮನೆಯ ಮೂಲೆಗೆ ತಂದಿದ್ದು ನಾನೇ ಹೌದು. ಆದರೆ ಒಲೆಯ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ಕಳಿಸದೆ, ಸೋಸಿದಂತೆ ಮಾಡಿ ಮತ್ತೆ ನನ್ನ ಮುಖಕ್ಕೇ ಊದಿದರೆ ಅದಕ್ಕೆ ಒಗ್ಗರಣೆ ಹೊಣೆಯೇ? ಡಬ್ಬಿಯನ್ನು ಕಾರ್ಪೆಟ್ ಮೇಲೆ, ನೆಲದ ಹೀಟರ್ ಕಿಂಡಿಗೆ ಬೆನ್ನು ತಾಗಿಸಿ ಇಟ್ಟವರು ಯಾರು? ಇವರು ಕಿಟಕಿಯಾಚೆಯ ಹಿಮವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದ, ಅಜ್ಜ ಬ್ರಷ್ ಆಡಿಸಿದರು. ಡಬ್ಬಿ ಮೇಜು ಹತ್ತಿತು, 94 ಇದ್ದದ್ದು 70ರ ಆಸುಪಾಸಿಗೆ ಇಳಿಯಿತು. ಈಗ ಕ್ರ್ಯಾಶ್ ಇಲ್ಲ. ಊಟಕ್ಕೆ ಇಬ್ಬರನ್ನು ಕರೆಯಬೇಕು, ಅಷ್ಟೆ. ಅಜ್ಜನೂ ಪಕ್ಕದಲ್ಲಿ ಕೂತು ‘ಹಿಂದ ಬಂದಾನ ನೋಡು, ಹೊಡಿ!’ ಅನ್ನುತ್ತಿರುತ್ತಾರೆ.

ಕೆಲಸ ತಪ್ಪಿದ್ದು ಇವರಿಗೆ. ಯುಗಾದಿ ಕೂಟದಲ್ಲಿ ‘ಯಾರ ಮನೆ ಕಂಪ್ಯೂಟರ್ ಕೆಟ್ಟಿದ್ರೂ ಹೇಳಿ, ಹೀಟ್ ಸಮಸ್ಯೆ ಇರ್ತದೆ’ ಎಂದು ಗತ್ತಿನಿಂದ ಸಾರಿದರು. ‘ಸದ್ಯ, ನಮ್ಮನೆ ಪ್ರಿಂಟರ್ ಒಂಚೂರು...’ ಎಂದು ಒಬ್ಬರು ಬಾಯಿ ತೆರೆದರು. ಇವರು ತಟ್ಟೆ ಎತ್ತಿಕೊಂಡು ಹೋಳಿಗೆಯ ಸಾಲು ಸೇರಿದರು.